ಬೇಸ್‌ಬಾಲ್ ಕ್ರೀಡೆಯಲ್ಲಿ ನಿಯಮ ಪರಿವರ್ತನೆ : ಒಂದು ವಿವೇಚನೆ

ನಿಯಮವಿಲ್ಲದೆ ಆಟವಿಲ್ಲ. ಮಕ್ಕಳು ಬೀದಿಯಲ್ಲಿ ಸುಮ್ಮನೆ ಓಡಿದರೆ ಅದು ಬರಿಯ ಓಟ. ಅವರಲ್ಲೊಬ್ಬನು ನೆಲದ ಮೇಲೆ ಗೆರೆಯೆಳೆದು 'ಇದನ್ನು ಮೊದಲು ಮುಟ್ಟಿದವನು ಗೆದ್ದ' ಎಂದೊಡನೆ ಅದು ಪಂದ್ಯ. ಆ ಗೆರೆಯನ್ನು ಎಲ್ಲರೂ ಒಪ್ಪಿದ್ದಾರೆಂಬುದೇ ಆಟದ ಜೀವಾಳ. ಆದುದರಿಂದಲೇ ಓಟದ ನಡುವೆ ಯಾರಾದರೂ ಗೆರೆಯನ್ನು ಅತ್ತಿತ್ತ ಸರಿಸಿದರೆ ಎಳೆಯ ಮಕ್ಕಳು ಕೂಡ ಜಗಳಕ್ಕೆ ನಿಲ್ಲುತ್ತಾರೆ. ಹಾಗೆಂದು ಗೆರೆ ಎಂದೆಂದಿಗೂ ಸರಿಯಬಾರದೆ? ಓಡುವವರ ಕಾಲು ಬಲಿತು ಗೆರೆ ತೀರ ಹತ್ತಿರವಾಯಿತೆಂದು ತೋರಿದಾಗ ಮಾಡಬೇಕಾದುದೇನು? ಸರಿಸುವ ಅಧಿಕಾರ ಯಾರದು? ಈ ಪ್ರಶ್ನೆಗಳನ್ನು ನೂರೈವತ್ತು ವರ್ಷಗಳಿಗೂ ಮಿಕ್ಕ ಕಾಲದಿಂದ ಎಡೆಬಿಡದೆ ಚರ್ಚಿಸುತ್ತ ಬಂದಿರುವ ಕ್ರೀಡೆಯೊಂದುಂಟು. ಅದು ಅಮೆರಿಕ ಸಂಯುಕ್ತ ಸಂಸ್ಥಾನದ ಬೇಸ್‌ಬಾಲ್.

ಕನ್ನಡ ಪಂಡಿತನಿಗೂ ಬೇಸ್‌ಬಾಲಿಗೂ ಎತ್ತಣ ಸಂಬಂಧವೆಂದು ವಾಚಕರು ಕೇಳಬಹುದು. ನಮ್ಮ ಶಾಲೆಯಲ್ಲಿ ಓದಿ ಅಮೆರಿಕದಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಯೊಬ್ಬರು ಊರಿಗೆ ಬಂದಿದ್ದಾಗ ನನ್ನನ್ನು ಕಾಣಲು ಬಂದರು. ಮಾತಿನ ನಡುವೆ, "ಗುರುಗಳೆ, ಗಡಿಯಾರವಿಲ್ಲದ ಆಟವೆಂದು ಹೆಮ್ಮೆಯಿಂದ ಹೇಳಿ ನನ್ನ ಮಗನಿಗೆ ಬೇಸ್‌ಬಾಲ್ ತೋರಿಸುತ್ತಿದ್ದೆ. ಈಗ ಅದಕ್ಕೂ ಗಡಿಯಾರ ಕಟ್ಟಿಬಿಟ್ಟರು" ಎಂದು ಖೇದದಿಂದ ನುಡಿದರು. ಅವರಿಗೆ ಆ ಹೊತ್ತಿನಲ್ಲಿ ಸರಿಯಾದ ಉತ್ತರ ಕೊಡುವುದು ನನ್ನಿಂದಾಗಲಿಲ್ಲ. ಆದರೆ ವ್ಯಾಕರಣವನ್ನು ಬೋಧಿಸುವವನಿಗೆ ನಿಯಮವೂ ಅದರ ಮಾರ್ಪಾಡೂ ನಿತ್ಯದ ವಿಷಯಗಳು. ಪ್ರಯೋಗ ಮೊದಲು, ಸೂತ್ರ ಅನಂತರ; ಲಕ್ಷ್ಯವನ್ನು ನೋಡಿ ಲಕ್ಷಣವನ್ನು ಬರೆಯಬೇಕೆಂಬುದು ನಮ್ಮ ಶಾಸ್ತ್ರದ ಸಂಪ್ರದಾಯ. ಈ ದೃಷ್ಟಿಯಿಂದ ಆ ಕ್ರೀಡೆಯ ವೃತ್ತಾಂತವನ್ನು ಅರಸಿ ಓದಿದಾಗ ದೊರೆತುದನ್ನು ಇಲ್ಲಿ ಸಂಗ್ರಹವಾಗಿ ನಿವೇದಿಸುತ್ತೇನೆ.

ಆಟದ ಸ್ಥೂಲ ಪರಿಚಯ

ಕ್ರಿಕೆಟ್ಟನ್ನು ಬಲ್ಲ ನಮ್ಮವರಿಗೆ ಈ ಆಟವನ್ನು ತಿಳಿಯುವುದು ಕಷ್ಟವಲ್ಲ. ಪಕ್ಷವೊಂದಕ್ಕೆ 9 ಮಂದಿ ಆಟಗಾರರು. ಬಯಲಿನಲ್ಲಿ 90 ಅಡಿ ಅಂತರದ ನಾಲ್ಕು ನೆಲೆಗಳು ಚೌಕಾಕಾರವಾಗಿ ಹಬ್ಬಿರುತ್ತವೆ; ಈ ನೆಲೆಗಳಿಗೇ ಬೇಸ್ ಎಂದು ಹೆಸರು, ಆಟದ ಹೆಸರಿಗೂ ಅವೇ ಮೂಲ. ದಾಂಡಿಗನು ಮನೆಯೆನಿಸಿದ ನೆಲೆಯ ಪಕ್ಕದಲ್ಲಿ ನಿಲ್ಲುತ್ತಾನೆ. ಪಿಚರ್ ಎಂದು ಕರೆಯಲ್ಪಡುವ ಎಸೆತಗಾರನು 60 ಅಡಿ 6 ಅಂಗುಲ ದೂರದ ಮಣ್ಣಿನ ದಿಬ್ಬದ ಮೇಲಿಂದ ಚೆಂಡನ್ನು ನೆಲಕ್ಕೆ ತಾಗಿಸದೆ ಎಸೆಯುತ್ತಾನೆ. ದಾಂಡಿಗನ ಹಿಂದೆ ಕ್ಯಾಚರ್, ಅವನ ಹಿಂದೆ ಅಂಪೈರ್.

ಮನೆನೆಲೆಯ ಅಗಲ 17 ಅಂಗುಲ. ಆ ಅಗಲದೊಳಗೆ, ದಾಂಡಿಗನ ಮೊಣಕಾಲಿನಿಂದ ಎದೆಯ ಸುಮಾರಿನವರೆಗಿನ ಎತ್ತರದಲ್ಲಿ ಕಣ್ಣಿಗೆ ಕಾಣದ ಒಂದು ಕಿಟಕಿಯಿದೆಯೆಂದು ಭಾವಿಸಬೇಕು. ಎಸೆತ ಆ ಕಿಟಕಿಯೊಳಗೆ ಹಾದು ದಾಂಡಿಗನು ಹೊಡೆಯದೆ ಬಿಟ್ಟರೆ, ಅಥವಾ ಹೊಡೆಯಲು ಹೋಗಿ ತಪ್ಪಿದರೆ, ಅದು 'ಸ್ಟ್ರೈಕ್'. ಕಿಟಕಿಯ ಹೊರಗೆ ಹೋದುದನ್ನು ಅವನು ಬಿಟ್ಟರೆ ಅದು 'ಬಾಲ್'. ಮೂರು ಸ್ಟ್ರೈಕಿಗೆ ದಾಂಡಿಗ ಔಟ್. ನಾಲ್ಕು ಬಾಲಿಗೆ ಅವನು ಮೊದಲನೆಯ ನೆಲೆಗೆ ಸುಮ್ಮನೆ ನಡೆದುಹೋಗಬಹುದು. ಚೆಂಡನ್ನು ಹೊಡೆದರೆ ನೆಲೆಯಿಂದ ನೆಲೆಗೆ ಓಡಿ ಮರಳಿ ಮನೆಯನ್ನು ಮುಟ್ಟಬೇಕು. ಮುಟ್ಟಿದರೆ ಒಂದು ಓಟ. ಮೂವರು ಔಟಾದರೆ ಸರದಿ ಎದುರಾಳಿಗೆ. ಹೀಗೆ ಎರಡೂ ಪಕ್ಷಗಳಿಗೆ 9 ಇನ್ನಿಂಗ್ಸ್. ಸಮವಾದರೆ ಒಂದು ಪಕ್ಷ ಗೆಲ್ಲುವವರೆಗೆ ಹೆಚ್ಚಿನ ಇನ್ನಿಂಗ್ಸ್‌ಗಳು ಸಾಗುತ್ತವೆ. ಆಟ ಮುಗಿಯುವುದು ಕೊನೆಯ ಔಟ್ ಆದಾಗ. ಇಷ್ಟು ಗಂಟೆಗೆ ಮುಗಿಯಬೇಕೆಂಬ ಕಟ್ಟಳೆಯಿಲ್ಲ. ನಮ್ಮ ಮಿತ್ರರು ಹೆಮ್ಮೆಪಟ್ಟುದು ಈ ಗುಣಕ್ಕೆ.

ಪೂರ್ವವೃತ್ತಾಂತ

ಈ ನಿಯಮಗಳೆಲ್ಲ ಮೊದಲಿನಿಂದಲೂ ಹೀಗೆಯೇ ಇದ್ದುವೆಂದು ಭಾವಿಸುವುದು ಸಹಜ. ಆದರೆ ಇತಿಹಾಸ ಬೇರೆಯೇ ಆಗಿದೆ. 1845ರಲ್ಲಿ ನ್ಯೂಯಾರ್ಕಿನ ನಿಕರ್‌ಬಾಕರ್ ಎಂಬ ಕ್ಲಬ್ಬು ಬರೆದಿಟ್ಟ ನಿಯಮಾವಳಿಯಲ್ಲಿ 9 ಇನ್ನಿಂಗ್ಸ್‌ಗಳ ಮಾತಿಲ್ಲ. ಮೊದಲು 21 ಓಟ ಗಳಿಸಿದವರು ಗೆದ್ದರೆಂದಿತ್ತು. 9 ಇನ್ನಿಂಗ್ಸ್ ಎಂಬುದೂ ನೆಲೆಗಳ ನಡುವಣ 90 ಅಡಿಯೂ ಸ್ಥಿರಪಟ್ಟುದು 1857ರ ಸಮ್ಮೇಳನದಲ್ಲಿ. ಆ ಕಾಲದಲ್ಲಿ ಹೊಡೆದ ಚೆಂಡು ಒಮ್ಮೆ ನೆಲಕ್ಕೆ ಪುಟಿದ ಮೇಲೆ ಹಿಡಿದರೂ ದಾಂಡಿಗ ಔಟ್. ಇದು ಸುಲಭದ ದಾರಿಯೆಂದೂ ಗಾಳಿಯಲ್ಲಿಯೇ ಹಿಡಿಯಬೇಕೆಂದೂ ಕೆಲವರು ವಾದಿಸಿದರು. ಕೈಗವಸುಗಳಿಲ್ಲದ ದಿನಗಳವು. ವರ್ಷವರ್ಷವೂ ಚರ್ಚೆ ನಡೆದು, ಸೂಚನೆ ಹಲವು ಬಾರಿ ಬಿದ್ದುಹೋಗಿ, ಕೊನೆಗೆ 1864ರ ಡಿಸೆಂಬರಿನಲ್ಲಿ ಅಂಗೀಕೃತವಾಯಿತು. ಇಂದು ಅದನ್ನು ಪ್ರಶ್ನಿಸುವವರು ಒಬ್ಬರೂ ಇಲ್ಲ.

ಎಸೆತಗಾರನ ಕಥೆಯಂತೂ ಇನ್ನೂ ಸ್ವಾರಸ್ಯವಾದುದು. ಆದಿಯಲ್ಲಿ ಅವನ ಕೆಲಸ ದಾಂಡಿಗನಿಗೆ ಹೊಡೆಯಲು ಅನುಕೂಲವಾಗುವಂತೆ ಚೆಂಡನ್ನು ತೋಳಿನಡಿಯಿಂದ ಒದಗಿಸುವುದು ಮಾತ್ರ. ಬರಬರುತ್ತ ಅವನು ಒದಗಿಸುವವನಾಗಿ ಉಳಿಯದೆ ವಂಚಿಸುವವನಾದ. 1884ರಲ್ಲಿ ನ್ಯಾಷನಲ್ ಲೀಗಿನಲ್ಲಿ ಭುಜದ ಮೇಲಿನಿಂದ ಎಸೆಯಲು ಅನುಮತಿ ದೊರೆಯಿತು. ಎಸೆತದ ವೇಗ ಏರಿದಂತೆ ಅವನನ್ನು ಹಿಂದೆ ಹಿಂದೆ ಸರಿಸಬೇಕಾಯಿತು. 45 ಅಡಿಯಿದ್ದ ದೂರ 1881ರಲ್ಲಿ 50 ಅಡಿಯಾಯಿತು. 1893ರಲ್ಲಿ 60 ಅಡಿ 6 ಅಂಗುಲವಾಯಿತು. ದಾಂಡಿಗನು ಪುಕ್ಕಟೆಯಾಗಿ ಮೊದಲ ನೆಲೆಗೆ ಹೋಗಲು ಬೇಕಾದ ಬಾಲ್‌ಗಳ ಸಂಖ್ಯೆ 9ರಿಂದ ಇಳಿಯುತ್ತ ಇಳಿಯುತ್ತ 1889ರಲ್ಲಿ 4ಕ್ಕೆ ನಿಂತಿತು. ಇಂದು ಯಾವುದನ್ನು ಸನಾತನವೆಂದು ತಿಳಿಯುತ್ತೇವೆಯೋ ಅದು ಒಂದು ಕಾಲದಲ್ಲಿ ನೂತನವಾಗಿದ್ದು, ಹಳಬರ ಕೋಪಕ್ಕೆ ಗುರಿಯಾದುದೇ ಆಗಿದೆ.

ಪರಿವರ್ತನೆಗೆ ಕಾರಣಗಳು

ಇಷ್ಟು ಬದಲಾವಣೆಗಳನ್ನು ಪರಿಶೀಲಿಸಿದರೆ ಮುಖ್ಯವಾಗಿ ಎರಡು ಕಾರಣಗಳು ತೋರಿಬರುತ್ತವೆ. ಮೊದಲನೆಯದು ಪ್ರಾಣರಕ್ಷಣೆ. 1920ರ ಆಗಸ್ಟ್ 16ರಂದು ಕ್ಲೀವ್‌ಲ್ಯಾಂಡ್ ತಂಡದ ರೇ ಚಾಪ್‌ಮನ್ ಎಂಬ ಆಟಗಾರನ ತಲೆಗೆ ಎಸೆತ ಬಡಿದು ಮರುದಿನ ಅವನು ತೀರಿಕೊಂಡನು. ಆ ಕಾಲದಲ್ಲಿ ಒಂದೇ ಚೆಂಡನ್ನು ಮಣ್ಣು ಮೆತ್ತಿ ಕಪ್ಪಾಗುವವರೆಗೆ ಬಳಸುತ್ತಿದ್ದರು. ಅಂಥ ಚೆಂಡು ಮುಸ್ಸಂಜೆಯ ಮಬ್ಬಿನಲ್ಲಿ ಕಣ್ಣಿಗೆ ಕಾಣುವುದೇ ದುಸ್ತರ. ಅಲ್ಲಿಂದ ಮುಂದೆ ಕೊಳೆಯಾದ ಚೆಂಡನ್ನು ಬದಲಿಸುವುದು ಅಂಪೈರನ ಕರ್ತವ್ಯವೆನಿಸಿತು. ಅದೇ ವರ್ಷ, ಈ ದುರ್ಮರಣಕ್ಕೆ ಮೊದಲೇ, ಚೆಂಡಿಗೆ ಎಂಜಲು ಹಚ್ಚಿ ಎಸೆಯುವುದನ್ನೂ ನಿಷೇಧಿಸಲಾಗಿತ್ತು. ಆದರೆ ಅದನ್ನೇ ನಂಬಿ ಬದುಕುತ್ತಿದ್ದ 17 ಮಂದಿ ಎಸೆತಗಾರರಿಗೆ ಅವರ ವೃತ್ತಿ ಮುಗಿಯುವವರೆಗೆ ವಿನಾಯಿತಿ ದೊರೆಯಿತು. ಅವರಲ್ಲಿ ಕೊನೆಯವನಾದ ಬರ್ಲಿ ಗ್ರೈಮ್ಸ್ 1934ರವರೆಗೆ ಆಡಿದನು. ಸೂತ್ರ ಬದಲಾದಾಗ ಹಳೆಯ ಸೂತ್ರದಲ್ಲಿ ಬೆಳೆದವರನ್ನು ಬೀದಿಪಾಲು ಮಾಡಬಾರದೆಂಬ ಈ ಔದಾರ್ಯ ಗಮನಾರ್ಹವಾದುದು.

ಎರಡನೆಯ ಕಾರಣ ತೂಕ ತಪ್ಪುವುದು. ಈ ಆಟ ಎಸೆತಗಾರನಿಗೂ ದಾಂಡಿಗನಿಗೂ ನಡುವಣ ತಕ್ಕಡಿ. ಒಂದು ತಟ್ಟೆ ತೀರ ಕೆಳಗಿಳಿದರೆ ಆಟದ ಸತ್ವ ಹೋಗುತ್ತದೆ. 1968ರಲ್ಲಿ ಹಾಗಾಯಿತು. ಸೇಂಟ್ ಲೂಯಿ ತಂಡದ ಬಾಬ್ ಗಿಬ್ಸನ್ ಎಂಬ ಎಸೆತಗಾರನು ಆ ವರ್ಷ 9 ಇನ್ನಿಂಗ್ಸ್‌ಗೆ ಸರಾಸರಿ 1.12 ಅರ್ಜಿತ ಓಟಗಳನ್ನು ಮಾತ್ರ ಬಿಟ್ಟುಕೊಟ್ಟನು. ದಾಂಡಿಗರೆಲ್ಲರ ಒಟ್ಟು ಸರಾಸರಿ ಸಾವಿರಕ್ಕೆ 237ಕ್ಕೆ ಕುಸಿಯಿತು; ಎಂದರೆ ಸಾವಿರ ಅವಕಾಶಗಳಲ್ಲಿ 237 ಬಾರಿ ಮಾತ್ರ ಅವರ ಹೊಡೆತ ಸಫಲವಾಯಿತು. ಮರುವರ್ಷವೇ ಎಸೆತದ ದಿಬ್ಬದ ಎತ್ತರವನ್ನು 15 ಅಂಗುಲದಿಂದ 10 ಅಂಗುಲಕ್ಕೆ ತಗ್ಗಿಸಿ, ಸ್ಟ್ರೈಕಿನ ಕಿಟಕಿಯನ್ನೂ ಕಿರಿದುಗೊಳಿಸಿದರು. ಸರಾಸರಿ 248ಕ್ಕೆ ಏರಿತು. ಐದು ಅಂಗುಲ ಮಣ್ಣು ತೆಗೆದುದರಿಂದ ತಕ್ಕಡಿ ಮತ್ತೆ ಸಮವಾಗತೊಡಗಿತು.

1973ರಲ್ಲಿ ಅಮೆರಿಕನ್ ಲೀಗ್ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಎಸೆತಗಾರರು ಸಾಮಾನ್ಯವಾಗಿ ದಾಂಡು ಹಿಡಿಯುವುದರಲ್ಲಿ ದುರ್ಬಲರು. ಅವರಿಗೆ ಬದಲಾಗಿ ದಾಂಡು ಬೀಸಲೆಂದೇ ಒಬ್ಬನನ್ನು ನೇಮಿಸಬಹುದೆಂದು ಅದು ವಿಧಿಸಿತು. ನ್ಯಾಷನಲ್ ಲೀಗ್ ಒಪ್ಪಲಿಲ್ಲ. ಪ್ರತಿಯೊಬ್ಬನೂ ಚೆಂಡನ್ನೂ ತಡೆಯಬೇಕು, ದಾಂಡನ್ನೂ ಹಿಡಿಯಬೇಕು. ಅರ್ಧ ಕೆಲಸದವನಿಗೆ ಪೂರ್ಣ ಸ್ಥಾನವೇಕೆ ಎಂಬುದು ಅದರ ಅಭಿಪ್ರಾಯ. ಹೀಗೆ ಒಂದೇ ಕ್ರೀಡೆ ಎರಡು ವ್ಯಾಕರಣಗಳಿಂದ ಸುಮಾರು ಅರ್ಧ ಶತಮಾನ ನಡೆಯಿತು. 2022ರಲ್ಲಿ ನ್ಯಾಷನಲ್ ಲೀಗೂ ಇದನ್ನು ಒಪ್ಪಿಕೊಂಡಿತು. ವಿಚಿತ್ರವೆಂದರೆ, ಎಸೆಯುವುದರಲ್ಲಿಯೂ ಹೊಡೆಯುವುದರಲ್ಲಿಯೂ ಅಗ್ರಗಣ್ಯನಾದ ಷೋಹೆ ಓಟಾನಿ ಎಂಬ ಜಪಾನೀ ಆಟಗಾರ ಆ ಹೊತ್ತಿಗೆ ಪ್ರಸಿದ್ಧನಾಗಿದ್ದನು. ಎಸೆತದಿಂದ ನಿವೃತ್ತನಾದ ಮೇಲೆಯೂ ಅಂಥವನು ದಾಂಡಿಗನಾಗಿ ಮುಂದುವರಿಯಬಹುದೆಂದು ಅದೇ ವರ್ಷ ಉಪನಿಯಮವೊಂದನ್ನು ಸೇರಿಸಿದರು. ಲಕ್ಷ್ಯವನ್ನು ಕಂಡು ಲಕ್ಷಣವನ್ನು ತಿದ್ದುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಗಡಿಯಾರದ ಪ್ರಶ್ನೆ

ಈಗ ನಮ್ಮ ಮಿತ್ರರ ಖೇದಕ್ಕೆ ಬರೋಣ. 1970ರ ದಶಕದಲ್ಲಿ ಒಂದು ಪಂದ್ಯ ಸುಮಾರು ಎರಡೂವರೆ ಗಂಟೆಯಲ್ಲಿ ಮುಗಿಯುತ್ತಿತ್ತು. 2021ರ ಹೊತ್ತಿಗೆ 9 ಇನ್ನಿಂಗ್ಸ್‌ಗಳ ಪಂದ್ಯದ ಸರಾಸರಿ ಅವಧಿ 3 ಗಂಟೆ 10 ನಿಮಿಷಗಳಾಗಿತ್ತು. ಆಟ ಹೆಚ್ಚಿದುದರಿಂದ ಈ ಕಾಲ ಹೆಚ್ಚಿದುದಾಗಿದ್ದರೆ ಯಾರೂ ದೂರುತ್ತಿರಲಿಲ್ಲ. ನಡೆದುದು ತದ್ವಿರುದ್ಧ. 2018ರಲ್ಲಿ ಸಫಲ ಹೊಡೆತಗಳಿಗಿಂತ ಮೂರು ಸ್ಟ್ರೈಕಿಗೆ ಔಟಾದವರ ಸಂಖ್ಯೆಯೇ ಹೆಚ್ಚಾಯಿತು. ಮೇಜರ್ ಲೀಗ್ ಇತಿಹಾಸದಲ್ಲಿ ಅದೇ ಮೊದಲ ಬಾರಿ. 2022ರಲ್ಲಿ ದಾಂಡಿಗರ ಸರಾಸರಿ 243ಕ್ಕೆ ಇಳಿಯಿತು. 1968ರ ತರುವಾಯ ಅಷ್ಟು ಕಡಿಮೆಯಾದುದು ಅದೇ. ಎಸೆತಗಾರನು ದಿಬ್ಬದ ಸುತ್ತ ಸುಳಿದಾಡುವುದು, ದಾಂಡಿಗನು ಪ್ರತಿ ಎಸೆತಕ್ಕೂ ಹೊರಗೆ ಬಂದು ಕೈಗವಸನ್ನು ಬಿಚ್ಚಿ ಬಿಗಿಯುವುದು, ಇವೇ ಆಟದ ಬಹುಭಾಗವನ್ನು ನುಂಗತೊಡಗಿದವು.

ಇದಕ್ಕೆ ನಿಯಮವೇ ಇರಲಿಲ್ಲವೆಂದು ತಿಳಿಯಬಾರದು. ನೆಲೆಗಳಲ್ಲಿ ಓಟಗಾರರಿಲ್ಲದಾಗ ಎಸೆತಗಾರನು 12 ಸೆಕೆಂಡುಗಳೊಳಗೆ ಎಸೆಯಬೇಕೆಂದು ನಿಯಮಪುಸ್ತಕದಲ್ಲಿ ಬರೆದೇ ಇತ್ತು. ಆದರೆ ಅದು ಪುಸ್ತಕದಲ್ಲಿಯೇ ಉಳಿಯಿತು. ಅಂಪೈರರು ಅದನ್ನು ಜಾರಿಗೆ ತಂದುದು ತೀರ ವಿರಳ. ಪಾಲನೆಯಿಲ್ಲದ ನಿಯಮ ಅಳಿದ ನಿಯಮಕ್ಕೆ ಸಮಾನವೆಂಬುದನ್ನು ಶಾಲೆಗಳನ್ನು ನಡೆಸುವವರಿಗೆ ಹೇಳಬೇಕಾದುದಿಲ್ಲ.

ಆದುದರಿಂದ ಮೊದಲು ಕಿರಿಯ ಲೀಗುಗಳಲ್ಲಿ ಎಲ್ಲರಿಗೂ ಕಾಣುವಂತೆ ಗಡಿಯಾರವನ್ನಿಟ್ಟು ಪರೀಕ್ಷಿಸಿದರು. 2022ರಲ್ಲಿ ಅಲ್ಲಿ ಪಂದ್ಯದ ಅವಧಿ ಸುಮಾರು 25 ನಿಮಿಷ ತಗ್ಗಿತು. 2023ರಿಂದ ಮೇಜರ್ ಲೀಗಿನಲ್ಲಿಯೂ ಇದು ಜಾರಿಗೆ ಬಂದಿತು. ನೆಲೆಗಳು ಬರಿದಾಗಿದ್ದರೆ 15 ಸೆಕೆಂಡು, ಓಟಗಾರನಿದ್ದರೆ 20 ಸೆಕೆಂಡು. 2024ರಲ್ಲಿ ಈ 20ನ್ನು 18ಕ್ಕೆ ಇಳಿಸಿದರು. ಎಸೆತಗಾರನು ಮೀರಿದರೆ ಒಂದು ಬಾಲ್ ದಂಡ. ದಾಂಡಿಗನೂ 8 ಸೆಕೆಂಡು ಉಳಿದಿರುವಾಗಲೇ ಸಿದ್ಧನಾಗಿರಬೇಕು. ಇಲ್ಲದಿದ್ದರೆ ಒಂದು ಸ್ಟ್ರೈಕ್ ದಂಡ.

ಜೊತೆಗೆ ಇನ್ನು ಮೂರು ಬದಲಾವಣೆಗಳಾದವು. ಓಟಗಾರನನ್ನು ಹೆದರಿಸಲು ಎಸೆತಗಾರನು ನೆಲೆಯತ್ತ ಎಷ್ಟು ಬಾರಿಯಾದರೂ ಚೆಂಡೆಸೆಯಬಹುದಾಗಿದ್ದುದನ್ನು ಒಬ್ಬ ದಾಂಡಿಗನ ಸರದಿಯಲ್ಲಿ ಎರಡು ಬಾರಿಗೆ ಮಿತಗೊಳಿಸಿದರು. ಮೂರನೆಯ ಯತ್ನದಲ್ಲಿ ಓಟಗಾರನು ಔಟಾಗದಿದ್ದರೆ ಅವನಿಗೆ ಮುಂದಿನ ನೆಲೆ ದಂಡವಾಗಿ ಸಲ್ಲುತ್ತದೆ. ನೆಲೆಯ ಚೀಲಗಳ ಅಗಲವನ್ನು 15 ಅಂಗುಲದಿಂದ 18 ಅಂಗುಲಕ್ಕೆ ಏರಿಸಿದರು. ಚೆಂಡು ತಡೆಯುವವರೆಲ್ಲ ಲೆಕ್ಕಾಚಾರ ಹಾಕಿ ದಾಂಡಿಗನು ಹೊಡೆಯುವ ಬದಿಯಲ್ಲಿಯೇ ಗುಂಪುಗೂಡುವುದನ್ನು ತಡೆದು, ಎರಡನೆಯ ನೆಲೆಯ ಎರಡೂ ಬದಿಗೆ ಇಬ್ಬಿಬ್ಬರು ಒಳಗಾವಲಿನವರು ನಿಲ್ಲಲೇಬೇಕೆಂದು ವಿಧಿಸಿದರು.

ಫಲ ಬೇಗನೆ ಕಂಡಿತು. 2022ರಲ್ಲಿ 3 ಗಂಟೆ 4 ನಿಮಿಷವಿದ್ದ ಸರಾಸರಿ ಅವಧಿ 2023ರಲ್ಲಿ 2 ಗಂಟೆ 40 ನಿಮಿಷಕ್ಕೆ ಇಳಿಯಿತು. ಎಸೆತದ ಹೊತ್ತಿನಲ್ಲಿ ಸಮಯಸಾಧಿಸಿ ಮುಂದಿನ ನೆಲೆಗೆ ಓಡುವುದಕ್ಕೆ ನೆಲೆ ಕದಿಯುವುದೆಂದು ಹೆಸರು. ಅಂಥ ಸಾಹಸಗಳು 2,486ರಿಂದ 3,503ಕ್ಕೆ ಏರಿದವು. ಆ ಋತುವಿನಲ್ಲಿ ಕ್ರೀಡಾಂಗಣಗಳಿಗೆ ಬಂದ ಪ್ರೇಕ್ಷಕರ ಸಂಖ್ಯೆ 7 ಕೋಟಿಯನ್ನು ಮೀರಿತು.

ಪೂರ್ವಪಕ್ಷ

ಫಲ ಒಳ್ಳೆಯದಾದ ಮಾತ್ರಕ್ಕೆ ಆಕ್ಷೇಪಗಳನ್ನು ಕೇಳದೆ ಬಿಡುವುದು ನ್ಯಾಯವಲ್ಲ. ಮೊದಲನೆಯ ಆಕ್ಷೇಪ ಅಧಿಕಾರಕ್ಕೆ ಸಂಬಂಧಿಸಿದುದು. ಈ ನಿಯಮಗಳನ್ನು ನಿರ್ಣಯಿಸಿದ ಸಮಿತಿಯಲ್ಲಿ 11 ಮಂದಿ ಸದಸ್ಯರು: ತಂಡಗಳ ಒಡೆಯರ ಪರವಾಗಿ 6, ಆಟಗಾರರ ಪರವಾಗಿ 4, ಒಬ್ಬ ಅಂಪೈರ್. 2022ರ ಸೆಪ್ಟೆಂಬರಿನಲ್ಲಿ ಮತ ತೆಗೆದುಕೊಂಡಾಗ ಅಗಲವಾದ ನೆಲೆಗಳಿಗೆ ಆಟಗಾರರ ಪ್ರತಿನಿಧಿಗಳು ಒಪ್ಪಿದರು. ಗಡಿಯಾರಕ್ಕೂ ಕಾವಲಿನ ನಿರ್ಬಂಧಕ್ಕೂ ನಾಲ್ವರೂ ವಿರೋಧ ಸೂಚಿಸಿದರು. ಆದರೂ ಅವು ಬಹುಮತದಿಂದ ಅಂಗೀಕೃತವಾದವು. ಒಡೆಯರಿಗೇ ಆರು ಮತಗಳಿರುವ ಸಮಿತಿಯಲ್ಲಿ ಆಡುವವರ ಮಾತು ಕಿವಿಗೆ ಬೀಳಬಹುದೇ ಹೊರತು ನಿರ್ಣಯವನ್ನು ತಡೆಯಲಾರದು.

ಎರಡನೆಯದು ದೇಹಕ್ಕೆ ಸಂಬಂಧಿಸಿದುದು. ಎಸೆತಗಳ ನಡುವೆ ವಿಶ್ರಾಂತಿ ಕುಗ್ಗಿದುದರಿಂದ ಎಸೆತಗಾರರ ತೋಳಿಗೆ ಅಪಾಯ ಹೆಚ್ಚಿತೆಂದು 2024ರಲ್ಲಿ ಆಟಗಾರರ ಸಂಘ ದೂರಿತು. ಲೀಗಿನ ಆಡಳಿತ ಅದನ್ನು ಒಪ್ಪಲಿಲ್ಲ. ಅದೇ ವರ್ಷಾಂತ್ಯದಲ್ಲಿ ಪ್ರಕಟಿಸಿದ ವರದಿಯಲ್ಲಿ, ಪ್ರತಿ ಎಸೆತವನ್ನೂ ಶಕ್ತಿಮೀರಿದ ವೇಗದಿಂದ ಎಸೆಯುವ ಹವ್ಯಾಸವೇ ಮುಖ್ಯ ಕಾರಣವೆಂದು ಸೂಚಿಸಿತು. ಈ ವಿವಾದ ಸಂಖ್ಯೆಗಳದಾದರೂ ಮುರಿಯುವುದು ಮನುಷ್ಯರ ತೋಳು. ಆದುದರಿಂದ ಇದನ್ನು ಲಘುವಾಗಿ ಎಣಿಸಲಾಗದು.

ಮೂರನೆಯದು ರಸಕ್ಕೆ ಸಂಬಂಧಿಸಿದುದು. ಅಂತಿಮ ಕ್ಷಣದಲ್ಲಿ ಗಡಿಯಾರ ಪಂದ್ಯವನ್ನು ನಿರ್ಣಯಿಸಿದರೆ ಹೇಗೆ? 2023ರ ಫೆಬ್ರವರಿ 25ರಂದು ಅಟ್ಲಾಂಟ ಮತ್ತು ಬಾಸ್ಟನ್ ತಂಡಗಳ ನಡುವಣ ಅಭ್ಯಾಸಪಂದ್ಯವೊಂದರಲ್ಲಿ ಹಾಗೆಯೇ ಆಯಿತು. ಕೊನೆಯ ಇನ್ನಿಂಗ್ಸ್, 6-6ರ ಸಮಬಲ, ಮೂರು ನೆಲೆಗಳಲ್ಲಿಯೂ ಓಟಗಾರರು, ಇಬ್ಬರು ಔಟಾಗಿದ್ದಾರೆ, ಇನ್ನೊಂದೇ ಎಸೆತ ನಿರ್ಣಾಯಕ. ದಾಂಡಿಗನು ಸಕಾಲದಲ್ಲಿ ಸಿದ್ಧನಾಗಲಿಲ್ಲವೆಂದು ಅಂಪೈರ್ ಮೂರನೆಯ ಸ್ಟ್ರೈಕ್ ವಿಧಿಸಿದನು. ಎಸೆತವಿಲ್ಲದೆಯೇ ಆಟ ಮುಗಿಯಿತು. ನೋಡಿದವರಿಗೆ ನಗುವೂ ಬಂದಿತು, ಭಯವೂ ಆಯಿತು.

ತೀರ್ಪಿನ ಪ್ರಶ್ನೆ

ಗಡಿಯಾರಕ್ಕಿಂತಲೂ ಗಹನವಾದ ಚರ್ಚೆ ಅಂಪೈರನನ್ನು ಕುರಿತದ್ದು. 2010ರ ಜೂನ್ 2ರಂದು ಡೆಟ್ರಾಯಿಟ್ ತಂಡದ ಆರ್ಮಾಂಡೊ ಗಲರಾಗ ಎಂಬ ಎಸೆತಗಾರನು ಕ್ಲೀವ್‌ಲ್ಯಾಂಡಿನ 26 ಮಂದಿಯನ್ನು ಒಬ್ಬನಾದ ಮೇಲೊಬ್ಬನಂತೆ ಔಟ್ ಮಾಡಿದನು. ಇನ್ನೊಬ್ಬನು ಔಟಾದರೆ ಅದು ಪರಿಪೂರ್ಣ ಪಂದ್ಯ; ಅಲ್ಲಿಯವರೆಗೆ ಮೇಜರ್ ಲೀಗಿನ ಇಡೀ ಇತಿಹಾಸದಲ್ಲಿ ಅಂಥವು 20 ಮಾತ್ರ. 27ನೆಯವನೂ ಮೊದಲ ನೆಲೆಯಲ್ಲಿ ಸ್ಪಷ್ಟವಾಗಿ ಔಟಾಗಿದ್ದನು. ಆದರೆ ಜಿಮ್ ಜಾಯ್ಸ್ ಎಂಬ ಅನುಭವಿ ಅಂಪೈರ್ ಔಟಲ್ಲವೆಂದು ತೀರ್ಪಿತ್ತನು. ಎಸೆತಗಾರನು ಮುಗುಳ್ನಕ್ಕು ದಿಬ್ಬಕ್ಕೆ ಮರಳಿ ಮುಂದಿನವನಿಗೆ ಎಸೆದನು. ಪಂದ್ಯದ ಬಳಿಕ ಚಿತ್ರಗಳಲ್ಲಿ ತನ್ನ ತಪ್ಪನ್ನು ಕಂಡ ಜಾಯ್ಸ್ ಅದನ್ನು ಎಲ್ಲರೆದುರು ಒಪ್ಪಿಕೊಂಡು ಕಣ್ಣೀರಿಟ್ಟನು. ಮರುದಿನ ಪಂದ್ಯಾರಂಭದಲ್ಲಿ ತಂಡದ ಪಟ್ಟಿಯನ್ನು ಅಂಪೈರನ ಕೈಗೆ ಕೊಡಲು ಬಂದವನು ಗಲರಾಗನೇ. ಜಾಯ್ಸ್ ಕಣ್ಣೊರೆಸಿಕೊಂಡು ಅದನ್ನು ಸ್ವೀಕರಿಸಿದನು.

ಈ ಪ್ರಸಂಗದಿಂದ ಇಬ್ಬಗೆಯ ಪಾಠಗಳನ್ನು ಕಲಿಯಬಹುದು. ಇಂಥ ಅನ್ಯಾಯ ಮತ್ತೆ ನಡೆಯಬಾರದೆಂಬುದು ಒಂದು. ಆಗ ಹೋಮ್ ರನ್ ಹೊಡೆತಗಳ ನಿರ್ಣಯಕ್ಕೆ ಮಾತ್ರವಿದ್ದ ಚಿತ್ರಪರಿಶೀಲನೆಯನ್ನು 2014ರಿಂದ ಇತರ ಅನೇಕ ತೀರ್ಪುಗಳಿಗೂ ವಿಸ್ತರಿಸಿದರು. ತಪ್ಪಿದಾಗ ಒಪ್ಪಿಕೊಳ್ಳುವ, ನೊಂದಾಗ ಮನ್ನಿಸುವ ಮನುಷ್ಯಗುಣ ಕ್ರೀಡಾಂಗಣದಿಂದ ಮಾಯವಾಗಬಾರದೆಂಬುದು ಇನ್ನೊಂದು. ಯಂತ್ರ ತಪ್ಪು ಮಾಡಿದರೆ ಅದು ಕಣ್ಣೀರಿಡುವುದಿಲ್ಲ, ಅದನ್ನು ಮನ್ನಿಸುವುದರಲ್ಲಿ ಅರ್ಥವೂ ಇಲ್ಲ.

ಸ್ಟ್ರೈಕ್ ಮತ್ತು ಬಾಲ್‌ಗಳನ್ನು ಕ್ಯಾಮರಾಗಳ ನೆರವಿನಿಂದ ಯಂತ್ರವೇ ನಿರ್ಣಯಿಸಬಹುದೆಂಬುದು ಈಗ ಸಿದ್ಧಪಟ್ಟಿದೆ. ದಕ್ಷಿಣ ಕೊರಿಯದ ಲೀಗ್ 2024ರಲ್ಲಿ ಎಲ್ಲ ಎಸೆತಗಳನ್ನೂ ಯಂತ್ರದ ವಶಕ್ಕೆ ಒಪ್ಪಿಸಿತು. ಅಮೆರಿಕದವರು ಮಧ್ಯಮಮಾರ್ಗವನ್ನು ಹಿಡಿದರು. ಕಿರಿಯ ಲೀಗುಗಳಲ್ಲಿ ವರ್ಷಗಟ್ಟಲೆ ಪರೀಕ್ಷಿಸಿ, 2026ರ ಋತುವಿನಿಂದ ಜಾರಿಗೆ ಬರುವಂತೆ 2025ರ ಸೆಪ್ಟೆಂಬರಿನಲ್ಲಿ ಅಂಗೀಕರಿಸಿದ ಕ್ರಮ ಇದು: ತೀರ್ಪು ಅಂಪೈರನದೇ, ಆದರೆ ತಂಡವೊಂದಕ್ಕೆ ಎರಡು ಮೇಲ್ಮನವಿಗಳು. ಎಸೆತಗಾರ, ಕ್ಯಾಚರ್, ದಾಂಡಿಗ, ಈ ಮೂವರಲ್ಲಿ ಒಬ್ಬನು ಕೂಡಲೆ ತಲೆಯನ್ನು ತಟ್ಟಿ ಮನವಿ ಮಾಡಬೇಕು. ಹೊರಗೆ ಕುಳಿತವರ ಸಲಹೆ ಸಲ್ಲದು. ಮನವಿ ಸರಿಯಾಗಿದ್ದರೆ ಅದು ಖರ್ಚಾಗುವುದಿಲ್ಲ. ಕ್ರಿಕೆಟ್ಟಿನ ತೀರ್ಪು ಪರಿಶೀಲನೆಯನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕೇಳುವುದಕ್ಕೂ ವಿವೇಕ ಬೇಕಾಗುವಂತೆ ಮಾಡಿರುವುದು ಇದರ ವಿಶೇಷ.

ಸಿದ್ಧಾಂತ

ಹಾಗಾದರೆ ಯಾವ ಪರಿವರ್ತನೆ ಗ್ರಾಹ್ಯ, ಯಾವುದು ತ್ಯಾಜ್ಯ? ಮೇಲಿನ ವೃತ್ತಾಂತದಿಂದ ಮೂರು ಒರೆಗಲ್ಲುಗಳನ್ನು ಆರಿಸಿಕೊಳ್ಳಬಹುದೆಂದು ನನಗೆ ತೋರುತ್ತದೆ. ಒಂದು, ಹೊಸ ನಿಯಮ ಆಟಕ್ಕೆ ಹೊರಗಿನಿಂದ ಅಂಟಿದ ದೋಷವನ್ನು ಕಳೆಯುತ್ತದೆಯೋ ಅಥವಾ ಆಟದ ಸ್ವಭಾವವನ್ನೇ ಕಳೆಯುತ್ತದೆಯೋ? ಎರಡು, ಅದನ್ನು ಕಿರಿದಾದ ಕ್ಷೇತ್ರದಲ್ಲಿ ಮೊದಲು ಪರೀಕ್ಷಿಸಲಾಗಿದೆಯೆ? ಮೂರು, ಆಡುವವರ ಮಾತಿಗೆ ಬೆಲೆಯುಂಟೆ?

ಗಡಿಯಾರ ಮೊದಲೆರಡು ಪರೀಕ್ಷೆಗಳಲ್ಲಿ ಗೆಲ್ಲುತ್ತದೆ, ಮೂರನೆಯದರಲ್ಲಿ ಸೋಲುತ್ತದೆ. ಮೇಲ್ಮನವಿಯ ಕ್ರಮ ದೋಷವನ್ನು ಕಳೆದು ಅಂಪೈರನನ್ನು ಉಳಿಸುತ್ತದೆ. ಆದರೆ ಇನ್ನೆರಡು ನಿಯಮಗಳ ವಿಷಯದಲ್ಲಿ ಹಾಗೆ ಹೇಳಲಾಗದು. 9 ಇನ್ನಿಂಗ್ಸ್‌ಗಳು ಸಮವಾಗಿ ಮುಗಿದರೆ, ಮುಂದಿನ ಪ್ರತಿ ಇನ್ನಿಂಗ್ಸ್‌ನ ಆರಂಭದಲ್ಲಿ ಎರಡನೆಯ ನೆಲೆಯ ಮೇಲೆ ಒಬ್ಬ ಓಟಗಾರನನ್ನು ತಾವಾಗಿಯೇ ನಿಲ್ಲಿಸುವ ಪದ್ಧತಿ 2020ರಲ್ಲಿ ಬಂದು 2023ರಲ್ಲಿ ಸ್ಥಿರವಾಯಿತು. ಅವನು ಆ ನೆಲೆಯನ್ನು ಗಳಿಸಿದವನಲ್ಲ, ದಾನವಾಗಿ ಪಡೆದವನು. ಪಂದ್ಯ ಬೇಗ ಮುಗಿಯುತ್ತದೆ, ಆಟಗಾರರ ದಣಿವೂ ತಪ್ಪುತ್ತದೆ, ನಿಜ. ಆದರೂ ಋತುವಿನ ಕೊನೆಯ ಮಹಾಪಂದ್ಯಗಳಿಗೆ ಇದನ್ನು ಅವರೇ ಅನ್ವಯಿಸಿಲ್ಲ. 2025ರ ಅಕ್ಟೋಬರ್ 27ರಂದು ಲಾಸ್ ಏಂಜಲೀಸ್ ಮತ್ತು ಟೊರಾಂಟೊ ತಂಡಗಳ ನಡುವಣ ವರ್ಲ್ಡ್ ಸೀರೀಸ್ ಪಂದ್ಯ 18 ಇನ್ನಿಂಗ್ಸ್‌ಗಳವರೆಗೆ, 6 ಗಂಟೆ 39 ನಿಮಿಷ ನಡೆದು, ಫ್ರೆಡಿ ಫ್ರೀಮನ್ನನ ಒಂದು ಹೊಡೆತದಿಂದ ಮುಗಿಯಿತು. ಮುಖ್ಯವಾದ ಪಂದ್ಯಕ್ಕೆ ಯಾವ ನಿಯಮ ಸಲ್ಲದೋ ಅದು ಸಾಮಾನ್ಯ ಪಂದ್ಯಕ್ಕೆ ಹೇಗೆ ಸಲ್ಲುತ್ತದೆಂದು ಕೇಳುವವರಿಗೆ ಸಮಾಧಾನ ಹೇಳುವುದು ಕಷ್ಟ.

ಇನ್ನೊಂದು 2024ರಲ್ಲಿ ಲೀಗಿನ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ಪ್ರಸ್ತಾಪಿಸಿದ ಮಾತು. ಪಂದ್ಯದಲ್ಲಿ ಒಮ್ಮೆ, ಯಾರ ಸರದಿಯೇ ಆಗಿರಲಿ, ತಂಡದ ಶ್ರೇಷ್ಠ ದಾಂಡಿಗನನ್ನೇ ಕಣಕ್ಕಿಳಿಸಬಹುದೆಂಬ ವಿಚಾರವನ್ನು ಒಡೆಯರು ಚರ್ಚಿಸಿದ್ದಾರೆಂದು ಅವರು ಹೇಳಿದರು. ಪ್ರೇಕ್ಷಕರಿಗೆ ಅದು ರಂಜನೆಯಾಗಬಹುದು. ಆದರೆ ಸರದಿಯೆಂಬುದು ಬೇಸ್‌ಬಾಲಿನ ಸಮತಾಸೂತ್ರ. ಅತ್ಯಂತ ಬಲಶಾಲಿಯೂ ತನ್ನ ಸರದಿಗೆ ಕಾಯಬೇಕು. ಅತ್ಯಂತ ದುರ್ಬಲನೂ ನಿರ್ಣಾಯಕ ಗಳಿಗೆಯಲ್ಲಿ ದಾಂಡು ಹಿಡಿದು ನಿಲ್ಲಬೇಕಾಗಿ ಬರಬಹುದು. ಎಲೆಮರೆಯ ಆಟಗಾರನೊಬ್ಬನು ಒಮ್ಮೊಮ್ಮೆ ವೀರನಾಗಿ ಹೊರಹೊಮ್ಮುವುದು ಇದರಿಂದಲೇ. ಸರದಿಯನ್ನು ಮುರಿದರೆ ಮುರಿಯುವುದು ಆಟದ ಬೆನ್ನೆಲುಬು.

ಉಪಸಂಹಾರ

ನಮ್ಮ ಮಿತ್ರರಿಗೆ ಅಂದು ಕೊಡಲಾಗದ ಉತ್ತರವನ್ನು ಈಗ ಹೇಳಬಹುದು. ಕಾಲ್ಚೆಂಡಿನ ಗಡಿಯಾರ ಆಟವನ್ನು ಮುಗಿಸುತ್ತದೆ. ಸೋಲುತ್ತಿರುವವನಿಗೆ ಇನ್ನು ಸಮಯವಿಲ್ಲವೆಂದು ಸಾರುತ್ತದೆ. ಬೇಸ್‌ಬಾಲಿನ ಗಡಿಯಾರಕ್ಕೆ ಆ ಅಧಿಕಾರವನ್ನು ಕೊಟ್ಟಿಲ್ಲ. ಅದು ಎಸೆತ ಎಸೆತಗಳ ನಡುವಣ ಆಲಸ್ಯವನ್ನು ಮಾತ್ರ ಅಳೆಯುತ್ತದೆ. ಹತ್ತು ಓಟಗಳಿಂದ ಹಿಂದೆ ಬಿದ್ದ ತಂಡಕ್ಕೂ ಕೊನೆಯ ಔಟ್ ಆಗುವವರೆಗೆ ಮೊದಲಿನಷ್ಟೇ ಅವಕಾಶ ಈಗಲೂ ಇದೆ. ಅವರು ಮಗನಿಗೆ ಹೇಳಿಕೊಟ್ಟ ಮಾತು ಸುಳ್ಳಾಗಿಲ್ಲ. ತಡಮಾಡುವ ಸ್ವಾತಂತ್ರ್ಯ ಹೋಯಿತು. ಸೋಲನ್ನು ಒಪ್ಪದೆ ನಿಲ್ಲುವ ಸ್ವಾತಂತ್ರ್ಯ ಉಳಿದಿದೆ. ಮೊದಲನೆಯದಕ್ಕಾಗಿ ದುಃಖಿಸಬೇಕಾಗಿಲ್ಲವೆಂದು ನನ್ನ ಅಭಿಪ್ರಾಯ.

ನಿಯಮಗಳನ್ನು ರೂಪಿಸುವ, ಪಾಲಿಸುವ, ತಿದ್ದುವ ಕೆಲಸ ಶಿಕ್ಷಕರಾದ ನಮಗೂ ಇದೆ, ಸಂಸ್ಥೆಗಳನ್ನು ಪೋಷಿಸುವ ಮಹನೀಯರಿಗೂ ಇದೆ. ದೂರದೇಶದ ಆಟವೊಂದು ನೂರೈವತ್ತು ವರ್ಷ ವಾದಿಸುತ್ತ, ತಪ್ಪುತ್ತ, ತಿದ್ದಿಕೊಳ್ಳುತ್ತ ಕಲಿತುದನ್ನು ನಾವು ಓದಿಯೇ ಕಲಿಯಬಹುದಾದರೆ ಅದು ನಮ್ಮ ಭಾಗ್ಯ. ಗೆರೆಯನ್ನು ಸರಿಸಬೇಕಾದಾಗ ಸರಿಸೋಣ. ಆದರೆ ಹಗಲಿನಲ್ಲಿ, ಎಲ್ಲರ ಕಣ್ಣೆದುರು, ಓಡುವ ಮಕ್ಕಳನ್ನು ಕೇಳಿ ಸರಿಸೋಣ.